ಅಂಗಿ ತೊಟ್ಟ ಮಾತ್ರೆ

ಪ್ರಯತ್ನಪಟ್ಟಷ್ಟೂ ಕೆಡುವ ಕೆಲಸಗಳು ಪ್ರಪಂಚದಲ್ಲಿ ಕೆಲವಿವೆ. ಫೋಟೋಕ್ಕೆ ಸಹಜವಾಗಿ ನಗುವುದು ಒಂದು, ನಿದ್ದೆ ಮಾಡುವುದು ಇನ್ನೊಂದು. ನಾನು ಎರಡರಲ್ಲೂ ನಪಾಸು. ಫೋಟೋದ ಮಾತು ಬಿಡಿ. ಗೋಡೆಯ ಮೇಲಿನ ಮದುವೆಯ ಫೋಟೋದಲ್ಲಿ ಹಲ್ಲುನೋವಿನವನ ಹಾಗೆ ನಿಂತಿರುವ ನನ್ನನ್ನು ನೋಡಿದವರು ಪಕ್ಕದಲ್ಲಿರುವ ಗಿರಿಜೆಯ ಕಡೆ ಕನಿಕರದ ಒಂದು ನೋಟ ಹಾಯಿಸುತ್ತಾರೆ. ನಿದ್ದೆಯ ಮಾತನ್ನು ಹಾಗೆ ಬಿಡುವಂತಿಲ್ಲ. ಅದಕ್ಕಾಗಿ ನಮ್ಮ ಮನೆಯಲ್ಲಿ ಪ್ರತಿ ಸಂಜೆ ಒಂದು ಮಾತ್ರೆಯ ಸೇವನೆ ನಡೆಯುತ್ತದೆ. ಆ ಮಾತ್ರೆ ಬಂದದ್ದು ನನಗೆ. ಅದರಿಂದ ನಿದ್ದೆ ಬಂದದ್ದು ಅವ್ವನಿಗೆ. ಅದರೊಳಗೆ ಏನಿದೆ ಎನ್ನುವುದು ಗೊತ್ತಾದದ್ದು ಮತ್ತೆ ನನಗೇ. ಹಂಚಿಕೆ ಇಷ್ಟು ಅನ್ಯಾಯವಾಗಿದ್ದರೆ ಯಾರಿಗೆ ನಿದ್ದೆ ಬರುತ್ತದೆ ಹೇಳಿ.

ಮೊದಲೇ ಒಂದು ಎಚ್ಚರಿಕೆ ಕೊಡಬೇಕು. ನಾನು ಚಳ್ಳಕೆರೆಯ ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಆದ್ದರಿಂದ ನೆನಪುಗಳನ್ನು ನಂಬುವುದಿಲ್ಲ. ನನ್ನವನ್ನಂತೂ ಸುತರಾಂ ಇಲ್ಲ. ನನ್ನ ಹೆಂಡತಿಯ ತಮ್ಮ ತಿಪ್ಪೇಶ ಮೊಳಕಾಲ್ಮುರಿನಿಂದ ಆ ಡಬ್ಬಿ ಹೊತ್ತು ತಂದ ಸಂಜೆ ಜೋರು ಮಳೆ ಸುರಿಯುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಚಳ್ಳಕೆರೆಯಲ್ಲಿ, ಅದೂ ಬೇಸಿಗೆಯಲ್ಲಿ, ಜೋರು ಮಳೆ! ಎಲ್ಲೋ ಓದಿದ ಮಳೆಯನ್ನು ತಂದು ತಿಪ್ಪೇಶನ ತಲೆಯ ಮೇಲೆ ಸುರಿದಿದ್ದೇನೆ. ಅವತ್ತು ಇದ್ದದ್ದು ಧೂಳು ಎನ್ನುತ್ತಾಳೆ ಗಿರಿಜೆ. ಇರಬಹುದು. ಇಲ್ಲಿ ಧೂಳಿನ ಪರವಾಗಿ ಸಾಕ್ಷಿ ಹೇಳಿದವರು ಯಾವತ್ತೂ ಸೋಲುವುದಿಲ್ಲ.

ತಿಪ್ಪೇಶನಿಗೆ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಅಂಗಡಿಯಿದೆ. ಹೊಸ ಶತಮಾನ ಬಂದ ಹೊಸತರಲ್ಲಿ ನಮ್ಮ ಕಡೆಯ ಎಷ್ಟೋ ಅಂಗಡಿಯವರನ್ನು ಹಿಡಿದ ಸರಪಳಿ ವ್ಯಾಪಾರ ಅವನನ್ನೂ ಹಿಡಿಯಿತು. ನೀವು ಇಬ್ಬರನ್ನು ಸೇರಿಸಬೇಕು, ಅವರು ಇನ್ನಿಬ್ಬರನ್ನು, ಹೀಗೆ ಕೆಳಗೆ ಕೆಳಗೆ ಮರದ ಬೇರು ಇಳಿದಂತೆ ಇಳಿಯುತ್ತಾ ಹೋದರೆ ಮೇಲಿರುವವನು ಕೂತಲ್ಲೇ ಕಾರು ಕೊಳ್ಳುತ್ತಾನೆ. ಇಂಥ ಮರಕ್ಕೆ ಮೊದಲ ಬೇರುಗಳು ಅಕ್ಕ ಭಾವಂದಿರೇ. ಬೇರೆಯವರು ಬಾಗಿಲು ಹಾಕಿಕೊಳ್ಳಬಹುದು. ಹೆಂಡತಿಯ ತಮ್ಮನಿಗೆ ಬಾಗಿಲು ಹಾಕಿದವನು ಅದೇ ಬಾಗಿಲೊಳಗೆ ಬದುಕಬೇಕಲ್ಲ.

“ಭಾವ, ಕಣ್ ಕೆಳಗೆ ನೋಡ್ಕಂಡೀರಾ? ಕಾಡಿಗೆ ಬಳದಂಗೆ ಐತೆ. ನಿದ್ದೆ ಇಲ್ಲ ನಿಮಗೆ,” ಎಂದ ತಿಪ್ಪೇಶ, ಕಾಫಿ ಲೋಟ ಇಳಿಸುವ ಮೊದಲೇ.

“ಐತೆ ಕಣೋ. ಕ್ಲಾಸಿನಾಗೆ ಬರ್ತೈತೆ.”

“ತಮಾಷೆ ಬ್ಯಾಡ. ಸಂಜೆ ದೀಪ ಹಚ್ಚಿದ ಮ್ಯಾಲೆ ಒಂದು ತಗಳ್ರಿ, ಉಗುರುಬೆಚ್ಚಗಿನ ನೀರಾಗೆ. ಮೈಯೆಲ್ಲ ಸಡ್ಲ ಆಗ್ತೈತೆ. ಆಮ್ಯಾಲೆ ತಾನಾಗೇ ನಿದ್ದೆ. ಔಷಧಿ ಅಲ್ಲ ಭಾವ ಇದು, ಆಹಾರ. ಬೇರು, ಸೊಪ್ಪು, ಖನಿಜ. ಬರೀ ಆಹಾರ!”

ಕೊನೆಯ ಮಾತನ್ನು ಅವನು ಒಳಗಿದ್ದ ಅವ್ವನಿಗೂ ಕೇಳಿಸಲೆಂದು ಗಟ್ಟಿಯಾಗಿ ಹೇಳಿದ. ಅಷ್ಟು ಗಟ್ಟಿಯಾಗಿ ಹೇಳದೆ ಇದ್ದಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ.

ನಾನು ತೆಗೆದುಕೊಂಡೆ. ಡಬ್ಬಿಯ ಮೇಲೆ ಒಂದು ಅರ್ಧಚಂದ್ರ, ಅದರ ಮೇಲೆ ತಲೆಯಿಟ್ಟು ಮಲಗಿದ ಒಬ್ಬ ಹೆಂಗಸು. ಒಳಗೆ ಅರ್ಧ ಕೆಂಪು ಅರ್ಧ ಹಳದಿಯ ಕ್ಯಾಪ್ಸೂಲುಗಳು. ನಿದ್ದೆ ಬರಲಿಲ್ಲ, ಆದರೆ ಸಡಿಲವಾದದ್ದು ನಿಜ, ಅಥವಾ ಸಡಿಲವಾಗಬೇಕೆಂಬ ಆಸೆಗೆ ಮೈ ಮರ್ಯಾದೆ ಕೊಟ್ಟಿತು. ತೊಂದರೆಯೆಂದರೆ, ಆಹಾರ ತಯಾರಿಸಿದವರು ಸಡಿಲವಾಗಲು ಗೊತ್ತುಮಾಡಿದ ಹೊತ್ತೂ ನಮ್ಮ ಮನೆಯಲ್ಲಿ ಯಾರೂ ಸಡಿಲವಾಗಿರಕೂಡದ ಹೊತ್ತೂ ಒಂದೇ. ದೀಪ ಹಚ್ಚುವ ವೇಳೆ ಒರಗಬಾರದು, ತೂಕಡಿಸಬಾರದು, ಹೊಸ್ತಿಲ ಮೇಲೆ ಕೂರಬಾರದು, ಕೇಳಿದವರಿಗೆ ಸೂಜಿ ಉಪ್ಪು ಮೊಸರು ಕೊಡಬಾರದು. ಆರಾಮಕುರ್ಚಿಯಲ್ಲಿ ಕೈಕಾಲು ಚೆಲ್ಲಿ ಕೂತ ನನ್ನನ್ನು ಅವ್ವ ದೀಪ ಹಿಡಿದುಕೊಂಡೇ ನೋಡಿದಳು.

“ಲೇ ಪರಮೇಶಿ, ಲಕ್ಷ್ಮಿ ಬರೋ ಹೊತ್ನಾಗೆ ಹಿಂಗಾ ಬಿದ್ಕಳಾದು? ನಿನ್ ನೋಡಿದ್ರೆ ಆಕಿ ಸಾವಿನ್ ಮನಿ ಅನ್ಕಂಡು ಹಂಗೇ ಮುಂದ್ಕೆ ಹೋಗ್ತಾಳೆ.”

ಸಾವಿನ ಮನೆಯ ಮಾತು ಅವಳ ಬಾಯಿಂದಲೇ ಬಂದದ್ದರಿಂದ ನಾನು ಎದ್ದು ನೆಟ್ಟಗೆ ಕೂತೆ. ಅಪ್ಪ ಹೋಗಿ ಆಗ ವರ್ಷವೂ ತುಂಬಿರಲಿಲ್ಲ.

ಅಪ್ಪನ ಬಗ್ಗೆ ಇಲ್ಲಿ ಒಂದು ಮಾತು. ಅವರದು ಕಡಲೆಕಾಯಿ ಮಂಡಿ. ರೈತರು ಚೀಲ ಬಿಚ್ಚಿದಾಗ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸಿ, ಸಿಪ್ಪೆ ಒಡೆಯದೆ, ಒಳಗಿನ ಕಾಳು ಜೊಳ್ಳೋ ಗಟ್ಟಿಯೋ ಹೇಳುತ್ತಿದ್ದರು. ನಮ್ಮದು ಲಿಂಗ ಕಟ್ಟಿದ ಮನೆ. ಅದರಲ್ಲೂ ಅಪ್ಪನ ನೇಮ ಮನೆಮಂದಿಗೆ ಸಾಕುಸಾಕಾಗುವಂಥದ್ದು. ಹೋಟೆಲಿನ ಕಾಫಿ ಮುಟ್ಟಲಿಲ್ಲ. ಬಸ್ಸಿನಲ್ಲಿ ಹೋದರೆ ಮನೆಯ ನೀರು, ಮನೆಯ ರೊಟ್ಟಿ. ಬಿಸ್ಕತ್ತನ್ನು ಸಹ ಯಾರ ಕೈ ಯಾವ ಕೊಬ್ಬು ಹಾಕಿದೆಯೋ ಎಂದು ದೂರವಿಟ್ಟವರು. ಅಂಥವರು ಕೊನೆಗೆ ಆಸ್ಪತ್ರೆಯ ಮಂಚದಲ್ಲಿ ಬಹಳ ದಿನ ಮಲಗಿ, ಅಲ್ಲಿಂದ ಮನೆಗೆ ಬಂದು, ನಡುಮನೆಯಲ್ಲಿ ಒಂದು ಸಂಜೆ ಹೊರಟುಹೋದರು. ಅವತ್ತಿನಿಂದ ಅವ್ವನ ನಿದ್ದೆಯೂ ಹೊರಟುಹೋಯಿತು. ಮಲಗುತ್ತಿದ್ದಳು, ಕಣ್ಣು ಮಾತ್ರ ತೆರೆದೇ ಇರುತ್ತಿದ್ದವು. ಬೆಳಿಗ್ಗೆ ಕೇಳಿದರೆ “ಆತು ಬಿಡಪ್ಪ, ಒಂದೀಟು” ಎನ್ನುತ್ತಿದ್ದಳು. ಆ ಒಂದೀಟು ದಿನದಿಂದ ದಿನಕ್ಕೆ ಕರಗಿ, ಅವಳ ಕೆನ್ನೆಯಲ್ಲಿ ಹಳ್ಳ ಬಿದ್ದಿತು. ಹೊಸೆದ ಬತ್ತಿಯನ್ನು ಮತ್ತೆ ಹೊಸೆಯುವಳು. ಬೆಂದ ಬೇಳೆಯನ್ನು ಮತ್ತೆ ಒಲೆಗಿಡುವಳು. ಒಮ್ಮೆ ಒಲೆಯ ಮುಂದೆಯೇ ಕಣ್ಣು ಕತ್ತಲೆಯಾಗಿ ಬಿದ್ದಳು. ಗಿರಿಜೆ ಹತ್ತಿರವಿದ್ದಳು, ಹಿಡಿದುಕೊಂಡಳು. ನಿದ್ದೆ ಬರದಿದ್ದರೆ ಇವಳೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಲಿಲ್ಲ. ಬೇರೆ ಮಾತುಗಳಲ್ಲಿ ಅದನ್ನೇ ಹೇಳಿದರು. ಕೊಟ್ಟ ನಿದ್ದೆಯ ಗುಳಿಗೆಯನ್ನು ಅವ್ವ ಮುಟ್ಟಲಿಲ್ಲ. “ನಂಗೇನ್ ರೋಗ ಐತೆ ಔಷಧಿ ತಗಳ್ಳಾಕೆ?” ಎಂದು ಕೇಳಿದಳು.

ಆದರೆ ತಿಪ್ಪೇಶನದು ಔಷಧಿಯಲ್ಲ, ಆಹಾರ. ಅವನೇ ಗಟ್ಟಿಯಾಗಿ ಹೇಳಿದ್ದಾನೆ. ಒಂದು ಸಂಜೆ ಅವ್ವ ನನ್ನ ಡಬ್ಬಿಯಿಂದ ಒಂದು ಕ್ಯಾಪ್ಸೂಲು ತೆಗೆದು, ಅಪ್ಪನ ಹಾಗೆ ಕಿವಿಯ ಹತ್ತಿರ ಅಲುಗಿಸಿದಳು. “ತುಂಬೈತೆ” ಎಂದಳು. ಹಳೆಯ ರೇಷ್ಮೆ ಸೀರೆಯುಟ್ಟು ಸಂಜೆಯ ಪೂಜೆಗೆ ಕೂತಳು. ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು, ವಿಭೂತಿ ಹಚ್ಚಿ, ಬಾಯಿಗೆ ಹೋಗುವ ಎಲ್ಲ ಆಹಾರದ ಹಾಗೆ ಅದನ್ನೂ ಲಿಂಗಕ್ಕೆ ತೋರಿಸಿದಳು. ಆಮೇಲೆ ಕಣ್ಣು ಮುಚ್ಚಿ ನುಂಗಿದಳು. ಔಷಧಿಯಾಗಿದ್ದರೆ ತೋರಿಸುವ ಮಾತೇ ಇರಲಿಲ್ಲ. ನುಂಗುವ ಮಾತೂ ಇರಲಿಲ್ಲ.

ಅವ್ವ ಮಲಗಿದಳು. ಊಟ ಮುಗಿಸಿ ಗೋಡೆಯ ಕಡೆ ತಿರುಗಿದವಳು ಹಾಲಿನವನು ಕೂಗುವವರೆಗೂ ಏಳಲಿಲ್ಲ. ಹೆದರಿದ ಗಿರಿಜೆ ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿ ಬಂದಳು. ಸ್ವಲ್ಪ ದಿನಗಳಲ್ಲೇ ಕೆನ್ನೆಯ ಹಳ್ಳ ತುಂಬತೊಡಗಿತು. ಬೇಳೆ ಒಂದೇ ಸಲ ಬೇಯತೊಡಗಿತು. ತಿಪ್ಪೇಶ ನಮ್ಮ ಅವ್ವನ ನಿದ್ದೆಯನ್ನು ಮೊಳಕಾಲ್ಮುರಿನಿಂದ ರಾಯದುರ್ಗದವರೆಗೂ ಕನ್ನಡ ತೆಲುಗು ಎರಡರಲ್ಲೂ ಪ್ರಚಾರ ಮಾಡಿ ಬೇರು ಇಳಿಸಿದ. ನನ್ನ ಡಬ್ಬಿ ಅವ್ವನದಾಯಿತು. ನಾನು ಎಂದಿನಂತೆ ಕ್ಲಾಸಿನಲ್ಲಿ ತೂಕಡಿಸುತ್ತಾ ಸುಖವಾಗಿದ್ದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರದ ರುದ್ರಮುನಿಗಳಿದ್ದಾರೆ. ಪ್ರಪಂಚದ ಎಲ್ಲದರ ಒಳಗೂ ಏನಿದೆಯೆಂದು ಹೇಳುವುದು ಅವರ ಚಟ. ಐಸ್‌ಕ್ರೀಮಿನಲ್ಲಿ ಏನಿದೆ ಎಂದು ಹೇಳಿ ಒಬ್ಬರಿಂದ ಬಿಡಿಸಿದ್ದಾರೆ. ಕುಂಕುಮದಲ್ಲಿ ಏನಿದೆ ಎಂದು ಹೇಳಿ ಇಂಗ್ಲಿಷ್ ಮೇಡಂ ಜೊತೆ ಮಾತು ಬಿಟ್ಟಿದ್ದಾರೆ. ಅವರು ಸ್ಟಾಫ್‌ರೂಮಿಗೆ ಬಂದರೆ ನಾವು ಬುತ್ತಿಯ ಮುಚ್ಚಳ ಮುಚ್ಚುತ್ತೇವೆ. ಅಂಥವರ ಎದುರಿಗೆ ನಾನು, ಬುದ್ಧಿಗೆಟ್ಟು, ಅವ್ವ ಕ್ಯಾಪ್ಸೂಲನ್ನು ಲಿಂಗಕ್ಕೆ ತೋರಿಸುವುದನ್ನು ತಮಾಷೆಯಾಗಿ ವರ್ಣಿಸಿದೆ.

ರುದ್ರಮುನಿಗಳು ನಗಲಿಲ್ಲ. “ಒಳಗಿನ ಪುಡಿ ಸೊಪ್ಪುಸದೆಯೇ ಇರಬಹುದು ಮೇಷ್ಟ್ರೇ. ಮ್ಯಾಲಿನ ಕವಚ ಏನು ಅಂತ ಗೊತ್ತಾ?”

“ಪ್ಲಾಸ್ಟಿಕ್ಕಾ?”

“ಪ್ಲಾಸ್ಟಿಕ್ ಆಗಿದ್ರೆ ವಾಸಿ ಇತ್ತು. ಜೆಲಟಿನ್. ದನದ ಎಲುಬು, ಚರ್ಮ ಬೇಯಿಸಿ ತೆಗೀತಾರೆ,” ಎಂದು ಹೇಳಿ, ನನ್ನ ಮುಖ ನೋಡಿ, ಸಮಾಧಾನ ಮಾಡುವ ದನಿಯಲ್ಲಿ, “ಬಣ್ಣ ಮಾತ್ರ ಬೇರೆ ಹಾಕ್ತಾರೆ,” ಎಂದರು.

ಆ ಭಾನುವಾರವೇ ಮೊಳಕಾಲ್ಮುರಿಗೆ ಹೋದೆ. ದಾರಿಯುದ್ದಕ್ಕೂ ತಿಪ್ಪೇಶನಿಗೆ ಏನು ಬಯ್ಯಬೇಕೆಂದು ವಾಕ್ಯಗಳನ್ನು ಜೋಡಿಸುತ್ತಾ ಕೂತಿದ್ದೆ. ಹೆದ್ದಾರಿ ಬಿಟ್ಟು ಬಸ್ಸು ತಿರುಗಿ, ಬಂಡೆಗಳನ್ನು ಪೇರಿಸಿಟ್ಟಂಥ ಗುಡ್ಡಗಳು ಕಾಣುವ ಹೊತ್ತಿಗೆ ಬೈಗುಳ ಬಹಳ ಚೆನ್ನಾಗಿ ಕೂಡಿಬಂದಿತ್ತು. ಅಂಗಡಿಯಲ್ಲಿ ಆಂಧ್ರದ ಕಡೆಯ ಹೆಂಗಸೊಬ್ಬಳು ಸೀರೆಯ ಸೆರಗು ಎಳೆದೆಳೆದು ನೋಡುತ್ತಾ “ಇದಿ ಎಂತಂಡಿ?” ಎಂದು ಬೆಲೆ ಕೇಳುತ್ತಿದ್ದಳು. ಅವಳು ಹೋಗುವವರೆಗೂ ಕಾಯಬೇಕಾಯಿತು. ಅಷ್ಟರಲ್ಲಿ ತಿಪ್ಪೇಶನ ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಮೆಣಸಿನಕಾಯಿ ತಿಂದವನ ಬೈಗುಳಕ್ಕೆ ಧಾರ್ಮಿಕ ಗಾಂಭೀರ್ಯ ಇರುವುದಿಲ್ಲ.

“ಲೇ ತಿಪ್ಪೇಶ, ಅದರ ಕವಚ ಎಲುಬಿಂದು ಅಂತೆ. ನಿಂಗೆ ಗೊತ್ತಿತ್ತಾ?”

ಅವನು ಸೀರೆ ಮಡಿಚುತ್ತಲೇ ಇದ್ದ. ಗೊತ್ತಿತ್ತೋ ಇಲ್ಲವೋ ಆ ಮುಖದಿಂದ ಹೇಳಲಾಗುವುದಿಲ್ಲ, ವ್ಯಾಪಾರಸ್ಥರ ಮುಖ. “ಭಾವ, ಅತ್ತೆ ಪೂಜೆಗೆ ಏನ್ ಉಟ್ಕಂತಾರೆ?”

“ಸೀರೆ.”

“ಎಂಥಾ ಸೀರೆ?”

“ರೇಷ್ಮೆ. ನಿಮ್ಮ ಅಂಗಡೀದೇ.”

“ಹುಳ ಬೇಯಿಸ್ದೆ ನೂಲು ಬರ್ತೈತಾ? ಗೂಡಿನಾಗೆ ಮಲಗಿರ್ತೈತೆ ಪಾಪ. ಅದ್ಕಿಂತ ಒಳ್ಳೆ ನಿದ್ದೆ ಯಾರಿಗೈತೆ ಹೇಳ್ರಿ! ಹಂಗೇ ಬಿಸಿನೀರಿಗೆ ಹಾಕ್ತಾರೆ. ಒಂದ್ ಸೀರೆಗೆ ಎಷ್ಟು ಹುಳ ಅಂತ ಈ ಊರಾಗೆ ಯಾರೂ ಎಣಿಸಾಕೆ ಹೋಗಲ್ಲ. ಎಣಿಸಿದ್ರೆ ದೇವ್ರಿಗೂ ಉಡಾಕೆ ಏನೂ ಇರಲ್ಲ.”

“ಅದು ಮೈಮೇಲೆ. ಇದು ಹೊಟ್ಟೆಯೊಳಗೆ.”

“ನಿಮ್ಮ ಇಷ್ಟ ಭಾವ. ಹೇಳ್ರಿ ಅತ್ತೇಗೆ. ಆಮ್ಯಾಲೆ ನಿದ್ದೆ ನೀವೇ ತಂದು ಕೊಡ್ರಿ.”

ಜೋಡಿಸಿಕೊಂಡು ಹೋದ ಬೈಗುಳವನ್ನು ಹಾಗೇ ಜೋಡಿಸಿಕೊಂಡು ವಾಪಸು ಬಂದೆ. ನಿಜ ಹೇಳಬೇಕೆಂದರೆ, ಅವನ ಈ ಮಾತುಗಳಲ್ಲಿ ಅರ್ಧದಷ್ಟು ಬಸ್ಸಿನಲ್ಲಿ ಬರುವಾಗ ನಾನೇ ಅವನ ಬಾಯಲ್ಲಿ ಹಾಕಿದ್ದಿರಬಹುದು. ಸೋತವನು ಎದುರಾಳಿಯ ಮಾತನ್ನು ಸ್ವಲ್ಪ ಚೆನ್ನಾಗಿ ಮಾಡಿಕೊಂಡರೆ ಸೋಲಿಗೂ ಒಂದು ಮಾನ.

ಮೊದಲು ಹೂಡಿದ ಉಪಾಯ, ಅದನ್ನು ಔಷಧಿ ಎಂದುಬಿಡುವುದು. ಔಷಧಿಗೆ ನೇಮದ ದೋಷವಿಲ್ಲ ಎಂದು ಅವ್ವನೇ ಹೇಳುತ್ತಿದ್ದಳು. “ಅವ್ವ, ಕಂಪನಿಯವ್ರು ಈಗ ಹೇಳ್ಯಾರೆ, ಇದು ಆಹಾರ ಅಲ್ವಂತೆ, ಔಷಧಿ ಅಂತೆ,” ಎಂದೆ. “ಹಂಗಾರೆ ನಂಗ್ ಬ್ಯಾಡ,” ಎಂದು ಅವಳು ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. “ಇಲ್ಲ ಇಲ್ಲ, ಆಹಾರವೇ,” ಎಂದು ಅದೇ ಉಸಿರಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಎರಡನೆಯ ಉಪಾಯ, ಕ್ಯಾಪ್ಸೂಲನ್ನು ಬಿಚ್ಚಿ, ಕವಚ ಎಸೆದು, ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಕೊಡುವುದು. ಶುದ್ಧಕ್ಕೆ ಶುದ್ಧ, ನಿದ್ದೆಗೆ ನಿದ್ದೆ. ಅವ್ವ ಬಟ್ಟಲನ್ನು ಮೂಸಿದಳು.

“ಇದರ ಅಂಗಿ ಎಲ್ಲಿ?”

“ಅಂಗಿ ಯಾಕವ್ವ? ನಿದ್ದೆ ಇರಾದು ಒಳಗೆ.”

“ಸಿಪ್ಪೆ ಸುಲ್ದು ತಂದ್ರೆ ಕಾಳು ಯಾರ್ ಹೊಲದ್ದು ಅಂತ ಹೆಂಗ್ ಹೇಳಾದು? ನಿಮ್ಮಪ್ಪ ಹಂಗ್ ತಂದ ಕಾಳು ಯಾವತ್ತೂ ತಗಳ್ಲಿಲ್ಲ.” ಆದರೂ ಮಗ ಕೊಟ್ಟನೆಂದು ತಿಂದಳು, ಕಹಿಗೆ ಮುಖ ಹಿಂಡಿದಳು, ಮಲಗಿದಳು. ಕಣ್ಣು ತೆರೆದೇ ಇದ್ದವು.

ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಪುಡಿ ಅದೇ, ಮೇಲೆ ಕುಡಿದ ನೀರು ಅದೇ, ಹೊತ್ತು ಅದೇ. ಇಲ್ಲದ್ದು ಎಲುಬು ಮಾತ್ರ. ಹಾಗಾದರೆ ಇಷ್ಟು ದಿನ ಅವ್ವನನ್ನು ಮಲಗಿಸಿದ್ದು ಆ ಎಲುಬೇ? ರುದ್ರಮುನಿಗಳನ್ನು ಕೇಳಿದೆ. “ಅದು ಮನಸ್ಸು ಮೇಷ್ಟ್ರೇ, ನನ್ನ ಸಬ್ಜೆಕ್ಟ್ ಅಲ್ಲ,” ಎಂದು ಕೈ ತೊಳೆದುಕೊಂಡರು. ಬೇಳೆ ಮತ್ತೆ ಎರಡೆರಡು ಸಲ ಬೇಯತೊಡಗಿತು. ಗಿರಿಜೆ ಒಲೆಯ ಹತ್ತಿರ ಅವ್ವನನ್ನು ಒಬ್ಬಳನ್ನೇ ಬಿಡುವುದನ್ನು ನಿಲ್ಲಿಸಿದಳು.

ಕೊನೆಗೆ ಹೇಳಿಬಿಡುವುದೆಂದು ನಿರ್ಧರಿಸಿದೆ. ಬೇರೆಯವರ ನೇಮದ ಬಗ್ಗೆ ನಾನು ತೀರ್ಮಾನ ಕೊಡುವುದು ಯಾವ ನ್ಯಾಯ? ಅವಳ ಲಿಂಗ, ಅವಳ ಹೊಟ್ಟೆ, ಅವಳ ನಿದ್ದೆ. ದೀಪ ಹಚ್ಚಿ ಅವ್ವ ಪೂಜೆಗೆ ಕೂರುವ ಮೊದಲು ಎದುರಿಗೆ ಹೋಗಿ ಕೂತೆ. ಅಪ್ಪನ ಫೋಟೋ ಅವಳ ಹಿಂದೆ. “ಅವ್ವ, ಆ ಮಾತ್ರೆ ಅಂಗಿ ಬಗ್ಗೆ ಒಂದು ಮಾತು ಹೇಳ್ಬೇಕು,” ಎಂದು ಶುರು ಮಾಡಿದೆ.

“ನಾನೂ ಅದ್ನೇ ಹೇಳಾಣ ಅಂತಿದ್ದೆ ಕಣಪ್ಪ,” ಎಂದಳು ಅವ್ವ. “ಆಸ್ಪತ್ರಿಯಾಗೆ ನಿಮ್ಮಪ್ಪಗೆ ಕೊಡ್ತಿದ್ದುದೂ ಇಂಥದ್ದೇ. ಹಿಂಗೇ ಕೆಂಪು ಹಳದಿ ಅಂಗಿ. ಔಷಧಿಗೆ ತೋರ್ಸಾದ್ ಬ್ಯಾಡ ಅಂದ್ರೆ ಕೇಳ್ತಿರಲಿಲ್ಲ ಅವ್ರು. ಅಂಗೈ ನಡುಗೋದು. ನಾನು ಕೆಳಗೆ ಕೈ ಕೊಟ್ಟು ಹಿಡ್ಕಂಡು, ಲಿಂಗಕ್ಕೆ ತೋರಿಸಿ, ನಾನೇ ಬಾಯಿಗೆ ಹಾಕ್ತಿದ್ದೆ. ಅದು ಹೋದ ಮ್ಯಾಲೆ ಅವ್ರಿಗೆ ಒಂದೀಟು ನಿದ್ದೆ ಹತ್ತೋದು. ಮುಖ ಹಗುರಾಗೋದು.” ದೀಪದ ಬತ್ತಿ ಮುಂದಕ್ಕೆ ಸರಿಸಿ, “ಇಡೀ ಜನ್ಮದಾಗೆ ಅವ್ರು ಇನ್ನೊಬ್ರು ಕೈಯಿಂದ ಕಣ್ಮುಚ್ಚಿ ತಗಂಡಿದ್ದು ಅದೊಂದೇ. ನಂಗೆ ಈ ಅಂಗಿ ಕೈಗೆ ಬಂದ್ರೆ ಅವ್ರ್ ಅಂಗೈ ಸಿಕ್ಕಂಗ್ ಆಗ್ತೈತೆ,” ಎಂದಳು. ಆಮೇಲೆ, “ನೀನೇನೋ ಹೇಳ್ತೀನಿ ಅಂದ್ಯಲ್ಲ?”

“ಏನಿಲ್ಲ. ಹೊಸ ಡಬ್ಬಿ ಬಂದೈತೆ ಅಂತ.”

ಮೂಲೆಯ ಕಪಾಟಿನಿಂದ ಡಬ್ಬಿ ತಂದು ಅವಳ ಮುಂದಿಟ್ಟೆ. ನಾನು ಕಾಪಾಡಲು ಹೊರಟಿದ್ದು ಒಬ್ಬಳ ನೇಮವನ್ನು. ಒಂದು ಮಾತು ಆಡಿದ್ದರೆ ಎರಡು ನೇಮ ಮುರಿಯುತ್ತಿದ್ದವು, ಅದರಲ್ಲೊಂದು ಸತ್ತವರದು. ಬಿಸ್ಕತ್ತನ್ನು ಅನುಮಾನಿಸಿದ ಆ ಮನುಷ್ಯ ಹೆಂಡತಿಯ ಕೈಯಿಂದ, ಲಿಂಗದ ಎದುರಿಗೆ, ಏನು ನುಂಗಿದರು ಎನ್ನುವುದನ್ನು ಆ ಹೆಂಡತಿಗೆ ಹೇಳುವ ಮಗ ಯಾವ ಶಾಸ್ತ್ರದ ಮೇಷ್ಟ್ರಾದರೂ ಆಗಿರಲಿ, ಮನುಷ್ಯನಾಗಿರುವುದಿಲ್ಲ.

ಇಲ್ಲಿ ಒಂದು ತಿದ್ದುಪಡಿ ಹಾಕಲೇಬೇಕು; ಹಾಕದಿದ್ದರೆ ಚಂದವಿತ್ತು. ಇದನ್ನೆಲ್ಲ ಗಿರಿಜೆಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. “ಕೆಂಪು ಹಳದೀನಾ? ಮಾವನವರಿಗೆ ನುಂಗಾಕೇ ಆಗ್ತಿರಲಿಲ್ಲವಲ್ಲ ರೀ. ಆಸ್ಪತ್ರೆಯಾಗೆ ಕೊಡ್ತಿದ್ದುದು ಬರೀ ಸಿರಪ್ಪು. ನಾನೇ ಚಮಚ ತೊಳೀತಿದ್ದೆ.” ನನಗೆ ನೆನಪಿರುವುದು ಇನ್ನೊಂದು: ಬಿಳಿಯ ಗುಂಡು ಗುಳಿಗೆಗಳು, ಅವನ್ನು ಅರೆಯುತ್ತಿದ್ದ ನಾನು. ಒಂದೇ ಮಂಚದ ಸುತ್ತ ಹಗಲೂ ರಾತ್ರಿ ನಿಂತಿದ್ದ ಮೂವರಿಗೆ ಮೂರು ಬೇರೆ ಔಷಧಿ. ಆಸ್ಪತ್ರೆಗೆ ಹೋಗಿ ವಿಚಾರಿಸಬಹುದು, ನನ್ನ ಕಸುಬೇ ಅದು. ಹೋಗಲಿಲ್ಲ. ಕೆಂಪು ಹಳದಿ ಎಂಬುದನ್ನು ಅವ್ವ ಆಮೇಲೆ, ತಿಪ್ಪೇಶನ ಡಬ್ಬಿ ನೋಡಿದ ಮೇಲೆ, ಹಿಂದಕ್ಕೆ ಹೋಗಿ ಆ ನಡುಗುವ ಅಂಗೈಯ ಮೇಲೆ ಇಟ್ಟುಬಂದಿರಬಹುದು; ನಾನು ತಿಪ್ಪೇಶನ ತಲೆಯ ಮೇಲೆ ಮಳೆ ಸುರಿದುಬಂದ ಹಾಗೆ. ನನ್ನ ಮಳೆಯಿಂದ ಯಾರಿಗೂ ಏನೂ ಬೆಳೆಯಲಿಲ್ಲ. ಅವಳದರಿಂದ ಅವಳಿಗೆ ನಿದ್ದೆ ಬರುತ್ತದೆ.

ನಾನು ಡಬ್ಬಿ ತಂದಿಟ್ಟ ಆ ಸಂಜೆ ಅವ್ವ ಪೂಜೆ ಮುಗಿಸಿ ಒಂದನ್ನು ನುಂಗಿದಳು. ಎದ್ದುಹೋಗುತ್ತಿದ್ದ ನನ್ನನ್ನು ಕರೆದು ಅಂಗೈ ಚಾಚಿದಳು. ಅದರ ಮೇಲೆ ಇನ್ನೊಂದು, ಅಂಗಿ ಸಮೇತ, ತುದಿಗೆ ಸ್ವಲ್ಪ ವಿಭೂತಿ ಹತ್ತಿತ್ತು.

“ನೀನೂ ತಗ. ಮೊದ್ಲು ಬಂದಿದ್ದು ನಿಂಗೇ ಅಲ್ವಾ? ನೀನು ಆಕಡೆ ಈಕಡೆ ಹೊಳ್ಳಾದು ಕೇಳ್ತಿದ್ರೆ ನಂಗೆಲ್ಲಿಂದ ನಿದ್ದೆ ಬಂದೀತು.”

ಪ್ರಸಾದ. ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ನುಂಗಿದೆ, ಗಂಟಲಲ್ಲಿ ಸ್ವಲ್ಪ ಹೊತ್ತು ಅಂಟಿಕೊಂಡಿತ್ತು. ಅವತ್ತಿನಿಂದ ದಿನವೂ ಹೀಗೆಯೇ ನಡೆದಿದೆ. ತಿಪ್ಪೇಶ ಡಬ್ಬಿ ತರುತ್ತಾನೆ, ಅವ್ವ ಅಲುಗಿಸಿ ನೋಡುತ್ತಾಳೆ, ಇಬ್ಬರೂ ನುಂಗುತ್ತೇವೆ. ಒಳಗೇನಿದೆ ಎಂದು ಗೊತ್ತಿರುವವರಿಗೆ ಇದರಿಂದ ಗುಣವಿಲ್ಲ ಎಂದು ಡಬ್ಬಿಯ ಮೇಲೆ ಎಲ್ಲೂ ಬರೆದಿಲ್ಲ, ಬರೆಯಬೇಕಿತ್ತು. ಹಾಸಿಗೆಗೆ ಹೋದಮೇಲೆ ನಾನು ಹೊರಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಅವ್ವ ಕಿವಿಗೊಟ್ಟಿರುತ್ತಾಳೆಂದು ಗೊತ್ತಿರುವುದರಿಂದ ಕಣ್ಣು ಮುಚ್ಚಿ, ಉಸಿರನ್ನು ಒಂದೇ ಹದದಲ್ಲಿ ಬಿಡುತ್ತಾ, ನಿದ್ದೆಯಲ್ಲಿರುವವನ ಹಾಗೆ ಬಿದ್ದುಕೊಂಡಿರುತ್ತೇನೆ. ಫೋಟೋಕ್ಕೆ ನಗಲು ಬಾರದವನು ಇದನ್ನು ಹೇಗೋ ಕಲಿತೆ. ಈಚೀಚೆಗೆ ಎಷ್ಟು ಪಳಗಿದ್ದೇನೆಂದರೆ, ಹಾಗೆ ಬಿದ್ದುಕೊಂಡಿದ್ದು ಕಣ್ಣು ಬಿಟ್ಟರೆ ಒಂದೊಂದು ಸಲ ಹಾಲಿನವನು ಕೂಗುತ್ತಿರುತ್ತಾನೆ. ಅದನ್ನು ನಿದ್ದೆ ಎಂದು ಯಾರೆದುರಿಗೂ ಒಪ್ಪಿಕೊಂಡಿಲ್ಲ. ಸುದ್ದಿ ರುದ್ರಮುನಿಗಳ ಕಿವಿಗೆ ಬಿದ್ದರೆ ಅದರೊಳಗೆ ಏನಿದೆಯೆಂದು ಹೇಳಿಬಿಡುತ್ತಾರೆ.